ಅಮಿಗಾ: ಒಡೆಯ ಅಳಿದ ಮೇಲೂ ಉಳಿದ ಯಂತ್ರ

ಒಂದು ಕಂಪೆನಿ ದಿವಾಳಿಯಾದರೆ ಅದು ತಯಾರಿಸುತ್ತಿದ್ದ ವಸ್ತುವಿನ ಕಥೆಯೂ ಸಾಮಾನ್ಯವಾಗಿ ಅಲ್ಲಿಗೇ ಮುಗಿಯುತ್ತದೆ. ಅಂಗಡಿಯಲ್ಲಿ ಉಳಿದ ಸರಕು ಅರ್ಧ ಬೆಲೆಗೆ ಹೋಗುತ್ತದೆ. ನಾಲ್ಕಾರು ವರ್ಷ ಬಿಡಿಭಾಗಗಳು ಸಿಗುತ್ತವೆ. ಆಮೇಲೆ ಆ ವಸ್ತು ಅಟ್ಟ ಸೇರುತ್ತದೆ, ಅಲ್ಲಿಂದ ಗುಜರಿಗೆ ಹೋಗುತ್ತದೆ. ಕಂಪ್ಯೂಟರುಗಳ ವಿಷಯದಲ್ಲಂತೂ ಈ ಪಯಣ ಇನ್ನೂ ಬೇಗ ಮುಗಿಯುತ್ತದೆ. ಕಂಪೆನಿ ಚೆನ್ನಾಗಿ ನಡೆಯುತ್ತಿದ್ದರೂ ಅದರ ಯಂತ್ರ ಐದಾರು ವರ್ಷಗಳಲ್ಲಿ ಹಳತಾಗಿಬಿಡುತ್ತದೆ.

ಈ ನಿಯಮಕ್ಕೆ ಹೊರತಾದ ಒಂದು ಯಂತ್ರವಿದೆ. ಅದರ ಹೆಸರು ಅಮಿಗಾ. ಅದನ್ನು ತಯಾರಿಸುತ್ತಿದ್ದ ಅಮೆರಿಕದ ಕಮೊಡೋರ್ ಕಂಪೆನಿ 1994ರ ಏಪ್ರಿಲ್ 29ರಂದು ತಾನು ಮುಚ್ಚುವುದಾಗಿ ಘೋಷಿಸಿತು. ಅಂದಿನಿಂದ ಮೂರು ದಶಕಗಳೇ ಕಳೆದಿವೆ. ಆದರೂ ಯೂರೋಪ್, ಅಮೆರಿಕಗಳ ಕೆಲವು ಸಾವಿರ ಮಂದಿ ಆ ಯಂತ್ರಕ್ಕೆ ಹೊಸ ಬೋರ್ಡು, ಹೊಸ ಪ್ರೊಸೆಸರು, ಹೊಸ ತಂತ್ರಾಂಶಗಳನ್ನು ತಯಾರಿಸುವುದನ್ನು ಬಿಟ್ಟಿಲ್ಲ. ಅದಕ್ಕಿಂತ ಮುಖ್ಯವಾಗಿ, ಇವುಗಳಲ್ಲಿ ಯಾವುದು ‘ನಿಜವಾದ’ ಅಮಿಗಾ ಎಂದು ಜಗಳವಾಡುವುದನ್ನೂ ಬಿಟ್ಟಿಲ್ಲ. ಹೊರಗಿನವರಿಗೆ ಇದು ಕೆಲಸವಿಲ್ಲದವರ ಕಚ್ಚಾಟದಂತೆ ಕಾಣಬಹುದು. ಆದರೆ ಒಳಹೊಕ್ಕು ನೋಡಿದರೆ ಗಣಕಯುಗದ ಒಂದು ಮುಖ್ಯ ಪ್ರಶ್ನೆಯೇ ಅದರಲ್ಲಿ ಅಡಗಿದೆ: ಒಂದು ಯಂತ್ರವನ್ನು ಉಳಿಸಬೇಕಾದರೆ ಅದರಲ್ಲಿ ಉಳಿಸಬೇಕಾದದ್ದು ಏನನ್ನು?

ಕಾಲಕ್ಕಿಂತ ಮುಂದಿದ್ದ ಯಂತ್ರ

ಈ ವಾಗ್ವಾದ ಅರ್ಥವಾಗಬೇಕಾದರೆ ಅಮಿಗಾ ಏನಾಗಿತ್ತು ಎಂಬುದನ್ನು ತಿಳಿಯಬೇಕು. 1982ರಲ್ಲಿ ಕ್ಯಾಲಿಫೋರ್ನಿಯದ ಸಾಂಟಾ ಕ್ಲಾರಾದಲ್ಲಿ ಒಂದು ಪುಟ್ಟ ಕಂಪೆನಿ ಹುಟ್ಟಿಕೊಂಡಿತು. ಅದರ ಯಂತ್ರಶಿಲ್ಪಿ ಜೇ ಮೈನರ್. ಅಟಾರಿ ಕಂಪೆನಿಯ ವಿಡಿಯೋ ಆಟದ ಯಂತ್ರಕ್ಕೆ ಚಿಪ್ ರೂಪಿಸಿ ಆತ ಆಗಲೇ ಹೆಸರು ಮಾಡಿದ್ದರು. ಹಣದ ಮುಗ್ಗಟ್ಟಿನಲ್ಲಿ ಸಿಕ್ಕಿದ ಈ ಕಂಪೆನಿಯನ್ನು 1984ರಲ್ಲಿ ಕಮೊಡೋರ್ ಕೊಂಡುಕೊಂಡಿತು. 1985ರ ಜುಲೈ 23ರಂದು ನ್ಯೂಯಾರ್ಕಿನ ಲಿಂಕನ್ ಸೆಂಟರಿನಲ್ಲಿ ಅಮಿಗಾದ ಅನಾವರಣ ನಡೆದಾಗ, ಖ್ಯಾತ ಚಿತ್ರಕಾರ ಆ್ಯಂಡಿ ವಾರ್ಹೋಲ್ ವೇದಿಕೆಯ ಮೇಲೆ ಕುಳಿತು ಗಾಯಕಿ ಡೆಬೀ ಹ್ಯಾರಿಯ ಚಿತ್ರಕ್ಕೆ ಈ ಯಂತ್ರದಲ್ಲೇ ಬಣ್ಣ ತುಂಬಿದರು.

ಅಂದಿನ ಕಚೇರಿಗಳಲ್ಲಿದ್ದ ಐಬಿಎಂ ಮಾದರಿಯ ಕಂಪ್ಯೂಟರುಗಳಲ್ಲಿ ಬಹುಪಾಲು ಕಪ್ಪು ಪರದೆಯ ಮೇಲೆ ಹಸಿರು ಅಕ್ಷರ ತೋರಿಸುತ್ತ, ‘ಪೀಂ’ ಎಂದು ಸದ್ದು ಮಾಡುವುದಕ್ಕಷ್ಟೇ ಸಮರ್ಥವಾಗಿದ್ದವು. 1,295 ಡಾಲರು ಬೆಲೆಯ ಅಮಿಗಾ 4,096 ಬಣ್ಣಗಳನ್ನು ತೋರಿಸಬಲ್ಲುದಾಗಿತ್ತು. ನಾಲ್ಕು ಧ್ವನಿಗಳಲ್ಲಿ ಸ್ಟೀರಿಯೋ ಸಂಗೀತ ನುಡಿಸಬಲ್ಲುದಾಗಿತ್ತು. ಒಂದು ಕೆಲಸ ನಡೆಯುತ್ತಿರುವಾಗಲೇ ಮತ್ತೊಂದನ್ನು, ಮೂರನೆಯದನ್ನು ನಿಭಾಯಿಸಬಲ್ಲುದಾಗಿತ್ತು. ಇಷ್ಟನ್ನೂ ಅದು ಸಾಧಿಸುತ್ತಿದ್ದದ್ದು ಕೇವಲ 256 ಕಿಲೋಬೈಟ್ ಮೆಮೊರಿಯಲ್ಲಿ, ಸೆಕೆಂಡಿಗೆ ಸುಮಾರು 70 ಲಕ್ಷ ಸಲ ಮಿಡಿಯುವ ಮೊಟೊರೋಲಾ 68000 ಎಂಬ ಪ್ರೊಸೆಸರಿನ ನೆರವಿನಿಂದ.

ಗುಟ್ಟಿದ್ದದ್ದು ಕೆಲಸದ ಹಂಚಿಕೆಯಲ್ಲಿ. ಒಂದು ದೊಡ್ಡ ಮದುವೆ ಮನೆಯಲ್ಲಿ ಯಜಮಾನನೇ ಅಡುಗೆಯನ್ನೂ ಮಾಡಿ, ಎಲೆಯನ್ನೂ ಹಾಕಿ, ಬಂದವರನ್ನೂ ಮಾತನಾಡಿಸುತ್ತ ನಿಂತರೆ ಏನಾದೀತು? ಅಂದಿನ ಬಹುತೇಕ ಕಂಪ್ಯೂಟರುಗಳ ಪ್ರೊಸೆಸರಿನ ಪಾಡು ಅದೇ ಆಗಿತ್ತು. ಅಮಿಗಾದಲ್ಲಿ ಹಾಗಿರಲಿಲ್ಲ. ಆಗ್ನಸ್, ಡೆನಿಸ್, ಪೌಲಾ ಎಂಬ ಮೂರು ವಿಶೇಷ ಚಿಪ್‌ಗಳು ಪ್ರೊಸೆಸರಿನ ಹೊರೆ ಹೊತ್ತುಕೊಂಡಿದ್ದವು. ಚಿತ್ರದ ತುಣುಕುಗಳನ್ನು ಸರಿಸುವುದು ಆಗ್ನಸ್‌ನ ಕೆಲಸ. ಪರದೆಗೆ ಬಣ್ಣ ಕಳಿಸುವುದು ಡೆನಿಸ್‌ನದು. ಧ್ವನಿ ಮತ್ತು ಫ್ಲಾಪಿ ತಟ್ಟೆಯ ಉಸ್ತುವಾರಿ ಪೌಲಾದ್ದು. ಯಜಮಾನ ನಿಶ್ಚಿಂತೆಯಿಂದ ಲೆಕ್ಕಪತ್ರ ನೋಡಿಕೊಳ್ಳಬಹುದಾಗಿತ್ತು. ಇಡೀ ಯಂತ್ರದ ಮಿಡಿತವನ್ನು ಟೆಲಿವಿಷನ್ ಸಂಕೇತದ ಮಿಡಿತಕ್ಕೆ ಹೊಂದಿಸಿದ್ದರಿಂದ, ಟಿವಿ ಚಿತ್ರದ ಮೇಲೆ ಅಕ್ಷರ ಮೂಡಿಸುವುದು ಅದಕ್ಕೆ ನೀರು ಕುಡಿದಷ್ಟು ಸುಲಭವಾಗಿತ್ತು. 1990ರಲ್ಲಿ ಬಂದ ‘ವಿಡಿಯೋ ಟೋಸ್ಟರ್’ ಎಂಬ ಸಲಕರಣೆಯಿಂದಾಗಿ ಸಣ್ಣಪುಟ್ಟ ಟಿವಿ ಸ್ಟುಡಿಯೋಗಳೂ ಅಮಿಗಾವನ್ನು ಕೊಂಡವು. ‘ಬ್ಯಾಬಿಲಾನ್ 5’ ಎಂಬ ವೈಜ್ಞಾನಿಕ ಧಾರಾವಾಹಿಯ ಆರಂಭದ ಅಂತರಿಕ್ಷ ದೃಶ್ಯಗಳು ಮೂಡಿದ್ದೂ ಇವೇ ಯಂತ್ರಗಳಲ್ಲಿ.

1987ರಲ್ಲಿ ಬಂದ ಅಗ್ಗದ ‘ಅಮಿಗಾ 500’ ಯೂರೋಪಿನ ಮನೆಮನೆ ಹೊಕ್ಕಿತು. ಇಂಗ್ಲೆಂಡ್, ಜರ್ಮನಿ, ಇಟಲಿ, ಸ್ಕ್ಯಾಂಡಿನೇವಿಯಗಳಲ್ಲಿ ಒಂದು ಪೀಳಿಗೆಯ ಹುಡುಗರು ಚಿತ್ರ ಬಿಡಿಸಲು, ರಾಗ ಜೋಡಿಸಲು, ಪ್ರೋಗ್ರಾಂ ಬರೆಯಲು ಕಲಿತದ್ದು ಅದರ ಮುಂದೆ ಕುಳಿತು. ಇಂದು ಜಗಳವಾಡುತ್ತಿರುವವರಲ್ಲಿ ಹೆಚ್ಚಿನವರು ಅಂದಿನ ಆ ಹುಡುಗರೇ. ಅವರಿಗೆ ಅದು ಬರಿಯ ಯಂತ್ರವಾಗಿರಲಿಲ್ಲ. ಅಕ್ಷರಾಭ್ಯಾಸ ಮಾಡಿಸಿದ ಗುರುವಾಗಿತ್ತು.

ಸತ್ತ ಆನೆಯ ಬೆಲೆ

ಕಮೊಡೋರ್ ಮುಳುಗಿದ್ದಕ್ಕೆ ಕಾರಣಗಳು ಹಲವು. ಮೊದಲು ಹತ್ತು ಹೆಜ್ಜೆ ಮುಂದಿದ್ದ ಯಂತ್ರವನ್ನು ಅದು ವರ್ಷಗಟ್ಟಲೆ ಹೆಚ್ಚು ಬದಲಿಸದೆ ಮಾರುತ್ತ ಕುಳಿತಿತು. ಬಣ್ಣಗಳನ್ನು ಗಣನೀಯವಾಗಿ ಹೆಚ್ಚಿಸಿದ ‘ಅಮಿಗಾ 1200’ ಮತ್ತು ‘4000’ ಮಾದರಿಗಳು ಬಂದದ್ದು 1992ರಲ್ಲಿ. ಅಷ್ಟರಲ್ಲಿ ಐಬಿಎಂ ಮಾದರಿಯ ಪಿಸಿಗಳು ಹಿಂದಿನಿಂದ ಓಡಿ ಬಂದು ಮುಂದೆ ಹೋಗಿದ್ದವು. 1993ರ ಕೊನೆಯಲ್ಲಿ ಪಿಸಿಗೆ ಬಂದ ‘ಡೂಮ್’ ಎಂಬ ಆಟ ಅಮಿಗಾದ ಬಲವನ್ನೇ ದೌರ್ಬಲ್ಯವೆಂದು ತೋರಿಸಿಕೊಟ್ಟಿತು. ಚಿತ್ರವನ್ನು ಪದರ ಪದರವಾಗಿ ಶೇಖರಿಸುವ ಅಮಿಗಾದ ಪದ್ಧತಿ ಮೆಮೊರಿಯನ್ನು ಉಳಿಸುತ್ತಿತ್ತು ನಿಜ. ಆದರೆ ಒಂದೊಂದು ಚುಕ್ಕೆಯನ್ನೂ ಬೇರೆಬೇರೆಯಾಗಿ ಲೆಕ್ಕಹಾಕಿ ಬಿಡಿಸಬೇಕಾದ ಹೊಸ ಬಗೆಯ ಆಟಗಳಿಗೆ ಅದು ಕಾಲಿಗೆ ಕಟ್ಟಿದ ಗುಂಡಾಯಿತು.

1994ರ ಏಪ್ರಿಲ್‌ನಲ್ಲಿ ಕಂಪೆನಿ ಮುಚ್ಚಿತು. ಅದೇ ಜೂನ್‌ನಲ್ಲಿ ಜೇ ಮೈನರ್ ತೀರಿಕೊಂಡರು. ಆನೆ ಇದ್ದರೂ ಸಾವಿರ, ಸತ್ತರೂ ಸಾವಿರ ಎನ್ನುತ್ತಾರಲ್ಲ, ಅಮಿಗಾದ ವಿಷಯದಲ್ಲಿ ಅದು ಅಕ್ಷರಶಃ ನಿಜವಾಯಿತು. 1995ರಲ್ಲಿ ಜರ್ಮನಿಯ ಎಸ್ಕಾಂ ಕಂಪೆನಿ ಕಮೊಡೋರಿನ ಆಸ್ತಿಯನ್ನು ಕೊಂಡಿತು. ಮರುವರ್ಷ ತಾನೇ ದಿವಾಳಿಯಾಯಿತು. 1997ರಲ್ಲಿ ಅಮಿಗಾ ಅಮೆರಿಕದ ಗೇಟ್‌ವೇ ಕಂಪೆನಿಯ ಕೈಸೇರಿತು. ಅದೂ ಎರಡು ವರ್ಷ ಇಟ್ಟುಕೊಂಡು, 1999ರ ಕೊನೆಯಲ್ಲಿ ಹೆಸರಿನ ಹಕ್ಕನ್ನು ಅಮೆರಿಕದ ಒಂದು ಸಣ್ಣ ತಂಡಕ್ಕೆ ಮಾರಿತು. ಪ್ರತಿ ಸಲ ಕೈಬದಲಾದಾಗಲೂ ‘ಇನ್ನೇನು ಹೊಸ ಅಮಿಗಾ ಬಂತು’ ಎಂಬ ಭರವಸೆ ಹುಟ್ಟುತ್ತಿತ್ತು. ಪ್ರತಿ ಸಲವೂ ಅದು ಬತ್ತುತ್ತಿತ್ತು. ಮಾಲೀಕರನ್ನು ನಂಬಿ ಕುಳಿತರೆ ಪ್ರಯೋಜನವಿಲ್ಲ ಎಂದು ಅಭಿಮಾನಿಗಳಿಗೆ ಮನವರಿಕೆಯಾದದ್ದು ಆಗ. ತಾವೇ ಕೆಲಸಕ್ಕಿಳಿದರು. ಕೆಲಸಕ್ಕಿಳಿದೊಡನೆ ಜಗಳವೂ ಆರಂಭವಾಯಿತು.

ಕೆಂಪು ಪಾಳೆಯ, ನೀಲಿ ಪಾಳೆಯ

ಮೊದಲ ಜಗಳ ಪ್ರೊಸೆಸರಿನದು. ಅಮಿಗಾದ ಹೃದಯವಾಗಿದ್ದ 68000 ವಂಶದ ಪ್ರೊಸೆಸರುಗಳನ್ನು ಮುಂದುವರಿಸಲು ಮೊಟೊರೋಲಾ ಕಂಪೆನಿಗೇ ಆಸಕ್ತಿ ಉಳಿದಿರಲಿಲ್ಲ. ಅದು ಐಬಿಎಂ ಮತ್ತು ಆಪಲ್ ಕಂಪೆನಿಗಳೊಡನೆ ಸೇರಿ ‘ಪವರ್‌ಪಿಸಿ’ ಎಂಬ ಹೊಸ ವಂಶವನ್ನು ಬೆಳೆಸುತ್ತಿತ್ತು. 1994ರಲ್ಲಿ ಆಪಲ್ ತನ್ನ ಮ್ಯಾಕಿಂಟಾಷ್ ಯಂತ್ರಗಳನ್ನು ಇದಕ್ಕೆ ವರ್ಗಾಯಿಸಿತು. ಅಮಿಗಾ ಮಂದಿಯೂ ಅದೇ ದಾರಿ ಹಿಡಿದರು. ಜರ್ಮನಿಯ ‘ಫೇಸ್ 5’ ಎಂಬ ಕಂಪೆನಿ 1997ರ ಸುಮಾರಿಗೆ ಹಳೆಯ ಅಮಿಗಾದೊಳಗೆ ಕೂರಿಸಬಹುದಾದ ಪವರ್‌ಪಿಸಿ ಬೋರ್ಡುಗಳನ್ನು ಮಾರಾಟಕ್ಕೆ ತಂದಿತು. ಆ ಬೋರ್ಡುಗಳನ್ನು ನಡೆಸುವ ತಂತ್ರಾಂಶ ಮಾತ್ರ ಎರಡಾಯಿತು. ಬೋರ್ಡು ತಯಾರಿಸಿದವರದು ಒಂದು, ಹಾಗೆ ಅಂಡ್ ಪಾರ್ಟ್ನರ್ ಎಂಬ ಮತ್ತೊಂದು ಜರ್ಮನ್ ಸಂಸ್ಥೆಯದು ಇನ್ನೊಂದು. ಒಂದಕ್ಕೆ ಬರೆದ ಪ್ರೋಗ್ರಾಂ ಇನ್ನೊಂದಕ್ಕೆ ಒಗ್ಗದು. ಇರುವ ನಾಲ್ಕು ಮಂದಿ ಗಿರಾಕಿಗಳಿಗೆ ಎರಡು ಅಂಗಡಿ!

ಈ ಬಿರುಕು ಮುಂದೆ ಇನ್ನೂ ಅಗಲವಾಯಿತು. ಬೆಲ್ಜಿಯಂನ ಹೈಪೀರಿಯನ್ ಕಂಪೆನಿ 2001ರಲ್ಲಿ ಹಕ್ಕುದಾರರೊಡನೆ ಒಪ್ಪಂದ ಮಾಡಿಕೊಂಡು ‘ಅಮಿಗಾ ಓಎಸ್ 4’ ಬರೆಯಲು ಕೈಹಾಕಿತು. ಬಹುತೇಕ ಅದೇ ಕಾಲಕ್ಕೆ ಮತ್ತೊಂದು ತಂಡ ‘ಮಾರ್ಫ್ ಓಎಸ್’ ಎಂಬ ವ್ಯವಸ್ಥೆಯನ್ನು ಸ್ವತಂತ್ರವಾಗಿ ಕಟ್ಟಿತು. ಮೊದಲನೆಯದಕ್ಕೆ ‘ಅಮಿಗಾ ಒನ್’ ಬೋರ್ಡು, ಎರಡನೆಯದಕ್ಕೆ ‘ಪೆಗಾಸಸ್’ ಬೋರ್ಡು. ಅಧಿಕೃತ ಹೆಸರಿನ ಕಡೆಯವರು ‘ಕೆಂಪು’ ಪಾಳೆಯ, ಮಾರ್ಫ್ ಕಡೆಯವರು ‘ನೀಲಿ’ ಪಾಳೆಯವೆಂದು ಕರೆಸಿಕೊಂಡರು. ಕೆಂಪಿನವರ ವಾದ: ‘ಹೆಸರೂ ಮೂಲ ಸಂಕೇತವೂ ನಮ್ಮಲ್ಲಿದೆ, ಆದ್ದರಿಂದ ನಾವೇ ವಾರಸುದಾರರು.’ ನೀಲಿಯವರ ವಾದ: ‘ಹೆಸರನ್ನು ಕಟ್ಟಿಕೊಂಡು ಏನು ಮಾಡುತ್ತೀರಿ? ಹಳೆಯ ತಂತ್ರಾಂಶ ನಮ್ಮಲ್ಲೂ ಓಡುತ್ತದೆ, ಚುರುಕಾಗಿಯೇ ಓಡುತ್ತದೆ.’

ಇಬ್ಬರಿಗೂ ಒಂದೇ ಪೆಟ್ಟು ಬಿತ್ತು. 2005ರಲ್ಲಿ ಆಪಲ್ ಕಂಪೆನಿಯೇ ಪವರ್‌ಪಿಸಿಯನ್ನು ಕೈಬಿಟ್ಟು ಇಂಟೆಲ್ ಕಡೆಗೆ ಹೊರಳುವುದಾಗಿ ಪ್ರಕಟಿಸಿತು. ದೊಡ್ಡ ಗಿರಾಕಿಯೇ ಹೊರಟುಹೋದ ಮೇಲೆ ಮನೆಯ ಕಂಪ್ಯೂಟರಿಗೆ ತಕ್ಕ ಹೊಸ ಪವರ್‌ಪಿಸಿ ಪ್ರೊಸೆಸರನ್ನು ಯಾರು ತಾನೇ ತಯಾರಿಸುತ್ತಾರೆ? ಅಮಿಗಾ ಓಎಸ್ 4ರ ಪೂರ್ಣ ಆವೃತ್ತಿ 2006ರ ಡಿಸೆಂಬರಿನಲ್ಲಿ ಹೊರಬಂದಾಗ, ಅದಕ್ಕೆಂದೇ ತಯಾರಾಗುತ್ತಿದ್ದ ಅಮಿಗಾ ಒನ್ ಬೋರ್ಡುಗಳ ಉತ್ಪಾದನೆ ನಿಂತುಹೋಗಿತ್ತು. ಪಲ್ಲಕ್ಕಿ ಸಿದ್ಧವಾಗುವ ವೇಳೆಗೆ ಹೊರುವವರಿರಲಿಲ್ಲ.

ನೀಲಿ ಪಾಳೆಯದವರು ಇದಕ್ಕೊಂದು ಉಪಾಯ ಕಂಡುಕೊಂಡರು. ಆಪಲ್ ಕೈಬಿಟ್ಟ ಹಳೆಯ ಮ್ಯಾಕ್ ಯಂತ್ರಗಳು ಅಗ್ಗವಾಗಿ ಸಿಗುತ್ತಿದ್ದವು. 2009ರಿಂದ ಮಾರ್ಫ್ ಓಎಸ್ ಅವುಗಳ ಮೇಲೆ ಓಡತೊಡಗಿತು. ಕೆಂಪು ಪಾಳೆಯದವರಿಗೆ ಇದು ಸರಿಬರಲಿಲ್ಲ. ಅಮಿಗಾ ಎಂದ ಮೇಲೆ ಅದಕ್ಕೆ ತನ್ನದೇ ಯಂತ್ರ ಇರಲೇಬೇಕು ಎಂಬುದು ಅವರ ಹಟ. ಆ ಹಟದ ಫಲವೇ ಎ-ಇಯಾನ್ ಕಂಪೆನಿ 2012ರಲ್ಲಿ ಮಾರುಕಟ್ಟೆಗೆ ತಂದ ‘ಅಮಿಗಾ ಒನ್ ಎಕ್ಸ್1000’. ಅದರ ಪ್ರೊಸೆಸರನ್ನು ರೂಪಿಸಿದ್ದ ಪಿ.ಎ. ಸೆಮಿ ಎಂಬ ಸಂಸ್ಥೆಯನ್ನು ಆಪಲ್ 2008ರಲ್ಲೇ ಕೊಂಡುಬಿಟ್ಟಿತ್ತು. ಆ ಪ್ರೊಸೆಸರಿಗೆ ಎರಡು ಮಿದುಳುಗಳಿದ್ದರೂ ಬಳಕೆಗೆ ಬಂದದ್ದು ಒಂದೇ. ಓಎಸ್ 4 ರಚನೆಯಾಗಿದ್ದೇ ಒಂದು ಮಿದುಳಿನ ಯಂತ್ರಕ್ಕೆ. ಯಂತ್ರದ ಬೆಲೆಯೋ, ಅದಕ್ಕಿಂತ ಎಷ್ಟೋ ಪಟ್ಟು ವೇಗವಾಗಿ ಓಡುವ ಪಿಸಿಯ ಬೆಲೆಗಿಂತ ಹೆಚ್ಚು. ಕೊಂಡವರೇನೂ ಇದನ್ನು ತಿಳಿಯದವರಲ್ಲ. ಅಷ್ಟು ಹಣ ಕೊಟ್ಟು ಒಂದು ಭರವಸೆಯನ್ನು ಕೊಳ್ಳುತ್ತಿದ್ದೇವೆ ಎಂಬ ಅರಿವು ಅವರಿಗಿತ್ತು.

ಗೋಡೆಯಿಲ್ಲದ ಮನೆ

ಪ್ರೊಸೆಸರಿನ ಜಗಳಕ್ಕಿಂತ ಆಳವಾದದ್ದು ತಂತ್ರಾಂಶದ ಜಗಳ. ಹಾಗಾದರೆ ಇವರೆಲ್ಲ ತಮ್ಮ ವ್ಯವಸ್ಥೆಯನ್ನು ಇಂದಿನ ಸಾಮಾನ್ಯ ಪಿಸಿಗೆ ವರ್ಗಾಯಿಸಿಬಿಟ್ಟರೆ ಆಗದೆ? ಎರಡು ಅಡ್ಡಿಗಳಿವೆ.

ಒಂದು, ಸಂಖ್ಯೆಗಳನ್ನು ಇಡುವ ಕ್ರಮ. ಕನ್ನಡದಲ್ಲಿ ‘ಇಪ್ಪತ್ತೈದು’ ಎನ್ನುವಾಗ ಇಪ್ಪತ್ತು ಮೊದಲು, ಐದು ಆಮೇಲೆ. ಸಂಸ್ಕೃತದಲ್ಲಿ ‘ಪಂಚವಿಂಶತಿ’ ಎಂದರೆ ಐದು ಮೊದಲು. ಎರಡರ ಬೆಲೆಯೂ ಒಂದೇ, ಕ್ರಮ ಮಾತ್ರ ತಿರುಗುಮುರುಗು. 68000 ಮತ್ತು ಪವರ್‌ಪಿಸಿ ಪ್ರೊಸೆಸರುಗಳು ದೊಡ್ಡ ಸಂಖ್ಯೆಯನ್ನು ಮೆಮೊರಿಯಲ್ಲಿ ಇಡುವಾಗ ಅದರ ದೊಡ್ಡ ಭಾಗವನ್ನು ಮೊದಲಿಡುತ್ತವೆ. ಇಂಟೆಲ್ ವಂಶದವು ಚಿಕ್ಕ ಭಾಗವನ್ನು ಮೊದಲಿಡುತ್ತವೆ. ಹಳೆಯ ಅಮಿಗಾ ಪ್ರೋಗ್ರಾಂ ಮತ್ತು ಹೊಸ ಇಂಟೆಲ್ ಪ್ರೋಗ್ರಾಂ ಒಂದೇ ಮೆಮೊರಿಯಲ್ಲಿ ಕೂತು ಮಾತನಾಡತೊಡಗಿದರೆ ಒಬ್ಬರು ಇಪ್ಪತ್ತೈದು ಎಂದದ್ದು ಮತ್ತೊಬ್ಬರಿಗೆ ಐವತ್ತೆರಡಾಗಿ ಕೇಳಿಸುತ್ತದೆ. 1995ರಲ್ಲೇ ಆರಂಭವಾದ ‘ಏರೋಸ್’ ಎಂಬ ಮುಕ್ತ ತಂತ್ರಾಂಶ ಯೋಜನೆ ಅಮಿಗಾ ವ್ಯವಸ್ಥೆಯನ್ನು ಮೊದಲಿನಿಂದ ಹೊಸದಾಗಿ ಬರೆದು ಇಂಟೆಲ್ ಯಂತ್ರಗಳ ಮೇಲೆ ಓಡಿಸಿತು. ಆದರೆ ಹಳೆಯ ಪ್ರೋಗ್ರಾಂಗಳು ಅಲ್ಲಿ ನೇರವಾಗಿ ಓಡಲಾರವು. ‘ಹಾಗಿದ್ದ ಮೇಲೆ ಅದು ಅಮಿಗಾ ಹೇಗಾದೀತು?’ ಎಂಬುದು ಹಲವರ ಆಕ್ಷೇಪ.

ಎರಡನೆಯ ಅಡ್ಡಿ ಇನ್ನೂ ದೊಡ್ಡದು. ಇಂದಿನ ಕಂಪ್ಯೂಟರುಗಳಲ್ಲಿ ಪ್ರತಿಯೊಂದು ಪ್ರೋಗ್ರಾಂಗೂ ಅದರದ್ದೇ ಕೋಣೆಯಿರುತ್ತದೆ. ನಡುವೆ ಗೋಡೆ. ಒಂದು ಕೋಣೆಯಲ್ಲಿ ಬೆಂಕಿ ಬಿದ್ದರೆ ಅದೊಂದನ್ನು ಮುಚ್ಚಿದರಾಯಿತು, ಮನೆ ಉಳಿಯುತ್ತದೆ. ಅಮಿಗಾ ವ್ಯವಸ್ಥೆಯಲ್ಲಿ ಗೋಡೆಗಳೇ ಇಲ್ಲ. ಎಲ್ಲ ಪ್ರೋಗ್ರಾಂಗಳೂ ಒಂದೇ ಪಡಸಾಲೆಯಲ್ಲಿ ಸಂಸಾರ ಮಾಡುತ್ತವೆ. ಒಬ್ಬರು ಮತ್ತೊಬ್ಬರಿಗೆ ಏನಾದರೂ ಕೊಡಬೇಕಾದರೆ ಹೊತ್ತುಕೊಂಡು ಹೋಗಬೇಕಿಲ್ಲ, ‘ಅದೋ, ಆ ಮೂಲೆಯಲ್ಲಿದೆ, ತಗೋ’ ಎಂದು ಬೆರಳು ತೋರಿಸಿದರೆ ಸಾಕು. 256 ಕಿಲೋಬೈಟಿನಲ್ಲಿ ಏಕಕಾಲಕ್ಕೆ ಹಲವು ಕೆಲಸಗಳನ್ನು ಅಷ್ಟು ಚುರುಕಾಗಿ ನಡೆಸಲು ಸಾಧ್ಯವಾದದ್ದು ಈ ಜಾಣತನದಿಂದ. ಆದರೆ ಒಂದು ಪ್ರೋಗ್ರಾಂ ದಾರಿತಪ್ಪಿ ಪಕ್ಕದವರ ವಸ್ತುವನ್ನು ತುಳಿದರೆ ಇಡೀ ಮನೆಯೇ ಕುಸಿಯುತ್ತದೆ. ಆಗ ಪರದೆಯ ಮೇಲೆ ಕೆಂಪು ಚೌಕಟ್ಟಿನಲ್ಲಿ ‘ಗುರು ಮೆಡಿಟೇಷನ್’ ಎಂಬ ಸಂದೇಶ ಮೂಡುತ್ತಿತ್ತು. ಅಮಿಗಾ ಕಂಪೆನಿ ಆರಂಭದಲ್ಲಿ ಮೈಭಾರದಿಂದ ಆಡಿಸುವ ಆಟದ ಹಲಗೆಯೊಂದನ್ನು ತಯಾರಿಸಿತ್ತು. ಯಂತ್ರ ಕೆಟ್ಟು ತಲೆ ಬಿಸಿಯಾದಾಗ ಅಲ್ಲಿನ ಎಂಜಿನಿಯರುಗಳು ಆ ಹಲಗೆಯ ಮೇಲೆ ಅಲ್ಲಾಡದೆ ಕುಳಿತು ಧ್ಯಾನ ಮಾಡುತ್ತಿದ್ದರಂತೆ. ಹೆಸರು ಅಲ್ಲಿಂದ ಬಂತು.

ಈಗ ಗೋಡೆ ಕಟ್ಟಬಹುದಲ್ಲ ಎಂದರೆ, ಕಟ್ಟಿದ ಕ್ಷಣದಿಂದ ಬೆರಳು ತೋರಿಸಿ ವ್ಯವಹರಿಸುವ ಹಳೆಯ ಪ್ರೋಗ್ರಾಂಗಳೆಲ್ಲ ನಿಂತುಹೋಗುತ್ತವೆ. ಒಂದಲ್ಲದೆ ಹಲವು ಮಿದುಳುಗಳನ್ನು ಬಳಸುವ ಪ್ರಶ್ನೆಗೂ ಇಂಥದೇ ತೊಡಕು. ಹೀಗಾಗಿ ವಾದ ಎರಡು ಕವಲಾಗುತ್ತದೆ. ‘ಹಳೆಯದನ್ನು ಬಿಟ್ಟು ಮುಂದೆ ಹೋಗೋಣ, ಇಲ್ಲವಾದರೆ ಇಂದಿನ ಅಂತರಜಾಲ ತಾಣಗಳನ್ನು ತೆರೆಯುವ ಒಂದು ಒಳ್ಳೆಯ ಬ್ರೌಸರನ್ನು ಓಡಿಸುವುದೂ ಕಷ್ಟ’ ಎಂದು ಒಂದು ಪಕ್ಷ. ‘ಹಳೆಯದನ್ನು ಬಿಟ್ಟ ಮೇಲೆ ಉಳಿಯುವುದು ಜಗತ್ತಿನಲ್ಲಿ ಈಗಾಗಲೇ ಇರುವ ಹತ್ತು ವ್ಯವಸ್ಥೆಗಳ ಜೊತೆಗೆ ಹನ್ನೊಂದನೆಯದು, ಅದಕ್ಕಾಗಿ ಇಷ್ಟು ಪಾಡು ಏಕೆ?’ ಎಂದು ಇನ್ನೊಂದು ಪಕ್ಷ. ಎರಡೂ ಮಾತಿನಲ್ಲಿ ಸತ್ಯವಿರುವುದರಿಂದಲೇ ಈ ಜಗಳ ಮುಗಿಯದು.

ತೇರಿನ ಗಾಲಿ ಬದಲಾದರೆ

ಹೊಸ ಯಂತ್ರ ಬೇಕೆನ್ನುವವರು ಹೀಗೆ ಕವಲೊಡೆಯುತ್ತಿದ್ದಾಗ ಹಳೆಯ ಯಂತ್ರವನ್ನೇ ನೆಚ್ಚಿಕೊಂಡವರು ಬೇರೊಂದು ದಾರಿ ಹಿಡಿದಿದ್ದರು. 2005ರಲ್ಲಿ ನೆದರ್ಲೆಂಡ್ಸ್‌ನ ಡೆನಿಸ್ ವಾನ್ ವೀರನ್ ಎಂಬ ಎಂಜಿನಿಯರ್ ಅಮಿಗಾದ ವಿಶೇಷ ಚಿಪ್‌ಗಳನ್ನು ‘ಎಫ್‌ಪಿಜಿಎ’ ಎಂಬ ಚಿಪ್‌ನಲ್ಲಿ ಮರುಸೃಷ್ಟಿಸಲು ತೊಡಗಿದರು. ಎಫ್‌ಪಿಜಿಎ ಎಂದರೆ ಒಳಗಿನ ಜೋಡಣೆಯನ್ನು ಬೇಕಾದಂತೆ ಬದಲಿಸಿಕೊಳ್ಳಬಹುದಾದ ಚಿಪ್. ಜೇಡಿಮಣ್ಣಿನ ಮುದ್ದೆಯಿದ್ದಂತೆ, ಯಾವ ಆಕಾರ ಬೇಕೋ ಅದನ್ನು ಕೊಡಬಹುದು. 2007ರಲ್ಲಿ ವೀರನ್ ತಮ್ಮ ‘ಮಿನಿಮಿಗ್’ ವಿನ್ಯಾಸವನ್ನು ಯಾರು ಬೇಕಾದರೂ ಬಳಸಿ ಬದಲಿಸಬಹುದೆಂದು ಬಹಿರಂಗವಾಗಿ ಹಂಚಿದರು. ಅದೇ ತಂತ್ರದಿಂದ ಮುಂದೆ ‘ವ್ಯಾಂಪೈರ್’ ಎಂಬ ಬೋರ್ಡು ಬಂತು. ಹಳೆಯ ಅಮಿಗಾದ ಪ್ರೊಸೆಸರಿನ ಜಾಗಕ್ಕೆ ಅದನ್ನು ಕೂರಿಸಿದರೆ ಮೊಟೊರೋಲಾ ಎಂದೂ ತಯಾರಿಸದ, 68000 ವಂಶದ್ದೇ ಆದ ಇನ್ನಷ್ಟು ವೇಗದ ಪ್ರೊಸೆಸರು ಕೆಲಸಕ್ಕೆ ತೊಡಗುತ್ತದೆ.

2021ರ ಸುಮಾರಿಗೆ ಬಂದ ‘ಪೈಸ್ಟಾರ್ಮ್’ ಇನ್ನೂ ಅಗ್ಗದ ಉಪಾಯ. ಶಾಲಾ ಮಕ್ಕಳು ಬಳಸುವ ರಾಸ್‌ಬೆರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರನ್ನು ಅಮಿಗಾದ ಪ್ರೊಸೆಸರಿನ ಜಾಗದಲ್ಲಿ ಕೂರಿಸುವ ಒಂದು ಸಣ್ಣ ಬೋರ್ಡು ಅದು. ಪೈ ಒಳಗಿನ ತಂತ್ರಾಂಶ 68000ದ ಆದೇಶಗಳನ್ನು ಅಲ್ಲಲ್ಲೇ ಅನುವಾದಿಸಿಕೊಂಡು, ಹಳೆಯ ಪ್ರೊಸೆಸರಿಗಿಂತ ನೂರಾರು ಪಟ್ಟು ವೇಗದಲ್ಲಿ ನಡೆಸುತ್ತದೆ.

ಇಲ್ಲಿ ಹೊಸದೊಂದು ತಕರಾರು ಎದ್ದಿತು. ಎಫ್‌ಪಿಜಿಎ ಪಕ್ಷದವರು, ‘ನಮ್ಮದು ನಿಜವಾದ ಯಂತ್ರಾಂಶ, ಪೈ ಎಂಬುದು ಬರಿಯ ಅನುಕರಣೆ’ ಎಂದರು. ಪೈ ಪಕ್ಷದವರು, ‘ಕೊನೆಗೆ ಬರುವ ಫಲ ಒಂದೇ ಆದಾಗ, ಹತ್ತರಲ್ಲೊಂದು ಪಾಲು ಖರ್ಚಿನಲ್ಲಿ ಆಗುವುದಾದರೆ ಬೇಡವೆನ್ನಲು ಕಾರಣವೇನು?’ ಎಂದರು. ಮಡಿವಂತರು ಇಬ್ಬರನ್ನೂ ಒಪ್ಪಲಿಲ್ಲ. ‘ಪ್ರೊಸೆಸರೂ ಹೊಸದು, ಮೆಮೊರಿಯೂ ಹೊಸದು, ಚಿತ್ರ ತೋರಿಸುವುದೂ ಹೊಸದು. ಹಳೆಯ ಅಮಿಗಾ ಅದರಲ್ಲಿ ಕೀಲಿಮಣೆಯಾಗಿ ಮಾತ್ರ ಉಳಿದಿದೆ. ಹಾಗಿದ್ದರೆ ಮೇಜಿನ ಮೇಲಿರುವ ಪಿಸಿಯಲ್ಲೇ ಅನುಕರಣ ತಂತ್ರಾಂಶವನ್ನು ಓಡಿಸಬಹುದಲ್ಲ?’ ಎಂದು ಕೇಳಿದರು. ಅಂಥ ತಂತ್ರಾಂಶ 1995ರಿಂದಲೇ ಉಚಿತವಾಗಿ ದೊರೆಯುತ್ತಿದೆ ಎಂಬುದೂ ನಿಜ.

ಊರ ತೇರಿಗೆ ಒಂದು ವರ್ಷ ಹೊಸ ಗಾಲಿ ಹಾಕುತ್ತಾರೆ. ಇನ್ನೊಂದು ವರ್ಷ ಅಚ್ಚು ಬದಲಿಸುತ್ತಾರೆ. ಮತ್ತೊಮ್ಮೆ ಗೆದ್ದಲು ತಿಂದ ತೊಲೆಗಳು ಹೋಗಿ ಹೊಸ ತೊಲೆಗಳು ಬರುತ್ತವೆ. ನೂರು ವರ್ಷದಲ್ಲಿ ಮೊದಲಿನ ಮರ ಒಂದು ಚೂರೂ ಉಳಿದಿರದು. ಆದರೂ ಅದು ಅದೇ ತೇರು. ಏಕೆಂದರೆ ಅದೇ ಬೀದಿಯಲ್ಲಿ, ಅದೇ ದೇವರನ್ನು ಕೂರಿಸಿಕೊಂಡು, ಅದೇ ಊರಿನವರು ಎಳೆಯುತ್ತಾರೆ. ಅಮಿಗಾ ಮಂದಿಯ ಕಷ್ಟವೆಂದರೆ ತೇರು ಯಾವುದು, ದೇವರು ಯಾವುದು ಎಂಬುದರಲ್ಲೇ ಅವರಿಗೆ ಒಮ್ಮತವಿಲ್ಲ. ಒಬ್ಬರಿಗೆ ಚಿಪ್‌ಗಳು ದೇವರು, ಒಬ್ಬರಿಗೆ ಕಾರ್ಯವ್ಯವಸ್ಥೆ ದೇವರು, ಇನ್ನೊಬ್ಬರಿಗೆ ಅದರ ಮೇಲೆ ಬರೆದ ಆಟ, ಚಿತ್ರ, ಸಂಗೀತಗಳೇ ದೇವರು.

ಕೂಸು ಬಡವಾದ ಬಗೆ

ಈ ಒಮ್ಮತದ ಕೊರತೆಗಿಂತ ಹೆಚ್ಚು ಹಾನಿ ಮಾಡಿದ್ದು ಹಕ್ಕಿನ ವ್ಯಾಜ್ಯ. ಹೆಸರಿನ ಹಕ್ಕು ಹೊಂದಿದ್ದ ಅಮೆರಿಕದ ಅಮಿಗಾ ಕಂಪೆನಿ 2007ರಲ್ಲಿ ಹೈಪೀರಿಯನ್ ಮೇಲೆ ಮೊಕದ್ದಮೆ ಹೂಡಿತು. 2009ರಲ್ಲಿ ರಾಜಿಯಾಯಿತು. ಹೈಪೀರಿಯನ್ 2018ರಲ್ಲಿ ಹಳೆಯ 68000 ಯಂತ್ರಗಳಿಗಾಗಿ 3.1.4 ಎಂಬ ಆವೃತ್ತಿಯನ್ನೂ, 2021ರಲ್ಲಿ 3.2 ಆವೃತ್ತಿಯನ್ನೂ ಹೊರತಂದಿತು. ಆ ಹೊತ್ತಿಗೆ ಹಳೆಯ ತಂತ್ರಾಂಶದ ಕೃತಿಸ್ವಾಮ್ಯ ತನ್ನದೆನ್ನುವ ಕ್ಲೊಯಾಂಟೊ ಎಂಬ ಸಂಸ್ಥೆ 2009ರ ರಾಜಿಪತ್ರದ ಅರ್ಥವನ್ನೇ ಪ್ರಶ್ನಿಸಿ ನ್ಯಾಯಾಲಯದ ಮೆಟ್ಟಿಲೇರಿತ್ತು. 2022ರಲ್ಲಿ ಇಂಗ್ಲೆಂಡಿನ ಕಂಪೆನಿಯೊಂದು ಅಮಿಗಾ 500ರ ಪುಟ್ಟ ಪ್ರತಿಕೃತಿಯನ್ನು ಆಟದ ಸಾಮಾನಿನಂತೆ ಮಾರಾಟಕ್ಕಿಟ್ಟಾಗ ಅದರ ಹೆಸರಿನಲ್ಲಿ ‘ಎ500’ ಎಂದಿತ್ತೇ ಹೊರತು ‘ಅಮಿಗಾ’ ಎಂಬ ಪದವಿರಲಿಲ್ಲ! ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎಂಬುದಕ್ಕೆ ಬೇರೆ ನಿದರ್ಶನ ಬೇಕಿಲ್ಲ.

ಕಾಯುವಷ್ಟು ಸಮಯ ಇಲ್ಲ ಎಂಬುದು ಇಲ್ಲಿನ ನಿಜವಾದ ಕಳವಳ. ಅಮಿಗಾ 2000, 4000 ಮೊದಲಾದ ಮಾದರಿಗಳಲ್ಲಿ ಗಡಿಯಾರಕ್ಕೆಂದು ಬೆಸೆದ ಚಿಕ್ಕ ಬ್ಯಾಟರಿಯಿದೆ. ವರ್ಷಗಳು ಕಳೆದಂತೆ ಅದು ಸೋರಿ, ಸುತ್ತಲಿನ ತಾಮ್ರದ ಗೆರೆಗಳನ್ನು ತಿಂದುಹಾಕುತ್ತದೆ. 1992ರ ಮಾದರಿಗಳ ಕೆಪಾಸಿಟರುಗಳೂ ಹಾಗೆಯೇ ಸೋರುತ್ತವೆ. ಅಟ್ಟದ ಮೇಲೆ ಜೋಪಾನವಾಗಿ ಇಟ್ಟ ಯಂತ್ರವೂ ಒಳಗಿಂದೊಳಗೇ ಸಾಯುತ್ತಿರುತ್ತದೆ. ಫ್ಲಾಪಿ ತಟ್ಟೆಗಳ ಕಾಂತಲೇಪನವೂ ಮಾಸುತ್ತ ಹೋಗುತ್ತದೆ.

ಅದರೊಂದಿಗೆ ಹೋಗುವುದೇನು ಎಂಬುದಕ್ಕೆ ಎರಡು ಉದಾಹರಣೆ ಸಾಕು. 1985ರಲ್ಲಿ ಆ್ಯಂಡಿ ವಾರ್ಹೋಲ್ ಅಮಿಗಾದಲ್ಲಿ ಬಿಡಿಸಿದ ಕೆಲವು ಚಿತ್ರಗಳು ಪಿಟ್ಸ್‌ಬರ್ಗ್‌ನ ವಾರ್ಹೋಲ್ ವಸ್ತುಸಂಗ್ರಹಾಲಯದಲ್ಲಿ ಫ್ಲಾಪಿಗಳ ಒಳಗೇ ಉಳಿದುಬಿಟ್ಟಿದ್ದವು. ಅವನ್ನು ಹೊರತೆಗೆದು 2014ರಲ್ಲಿ ಲೋಕಕ್ಕೆ ತೋರಿಸಲು ಸಾಧ್ಯವಾದದ್ದು ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಕಂಪ್ಯೂಟರ್ ಸಂಘದ ವಿದ್ಯಾರ್ಥಿಗಳಿಂದ. ಆ ಕಡತಗಳ ಬರವಣಿಗೆಯ ಕ್ರಮ ಯಾರಿಗೂ ಗೊತ್ತಿಲ್ಲದ್ದರಿಂದ ಅದನ್ನೂ ಅವರೇ ಬಿಡಿಸಿ ಅರ್ಥಮಾಡಿಕೊಳ್ಳಬೇಕಾಯಿತು. ಮಿಷಿಗನ್ ರಾಜ್ಯದ ಗ್ರ್ಯಾಂಡ್ ರ‍್ಯಾಪಿಡ್ಸ್ ಪಟ್ಟಣದಲ್ಲಿ 19 ಶಾಲೆಗಳ ಬಿಸಿ-ತಂಪು ಗಾಳಿಯ ವ್ಯವಸ್ಥೆಯನ್ನು 1980ರ ದಶಕದಲ್ಲಿ ಇಟ್ಟ ಒಂದೇ ಒಂದು ಅಮಿಗಾ 2015ರಲ್ಲೂ ನಿಯಂತ್ರಿಸುತ್ತಿತ್ತು. ಅದರ ಪ್ರೋಗ್ರಾಂ ಬರೆದವನು ಅಂದಿನ ಒಬ್ಬ ಶಾಲಾ ವಿದ್ಯಾರ್ಥಿ. ಏನಾದರೂ ಕೆಟ್ಟರೆ ಆಗಲೂ ಅವನನ್ನೇ ಕರೆಯಬೇಕಾಗಿತ್ತು. ಒಂದರಲ್ಲಿ ಕಲೆಯ ಪ್ರಶ್ನೆ, ಇನ್ನೊಂದರಲ್ಲಿ ಚಳಿಗಾಲದ ಪ್ರಶ್ನೆ. ಎರಡರಲ್ಲೂ ಯಂತ್ರವನ್ನು ಬಲ್ಲವರು ಯಾರಾದರೂ ಉಳಿದಿರಬೇಕಿತ್ತು.

ಉಳಿಸಿದವರು ಯಾರು?

ಮೂರು ದಶಕಗಳ ಈ ಕಥೆಯನ್ನು ಹಿಂದಿರುಗಿ ನೋಡಿದರೆ ಒಂದು ವಿಷಯ ಸ್ಪಷ್ಟವಾಗುತ್ತದೆ. ಅಮಿಗಾ ಎಂಬ ಹೆಸರನ್ನು ಕೊಂಡವರಲ್ಲಿ ಹೆಚ್ಚಿನವರಿಂದ ಅಮಿಗಾ ಉಳಿಯಲಿಲ್ಲ. ಅದನ್ನು ಬಿಚ್ಚಿ ನೋಡಿ, ಕಲಿತು, ಕಲಿತದ್ದನ್ನು ಹಂಚಿದವರಿಂದ ಉಳಿಯಿತು. 1992ರಲ್ಲಿ ಸ್ವಿಟ್ಜರ್ಲೆಂಡಿನ ವಿದ್ಯಾರ್ಥಿಗಳು ಆರಂಭಿಸಿದ ‘ಅಮಿನೆಟ್’ ತಂತ್ರಾಂಶ ಭಂಡಾರ ಕಮೊಡೋರಿಗಿಂತ, ಎಸ್ಕಾಂಗಿಂತ ಹೆಚ್ಚು ಕಾಲ ಬಾಳಿತು. ಮಿನಿಮಿಗ್ ವಿನ್ಯಾಸವನ್ನು ಮುಚ್ಚಿಡದೆ ಕೊಟ್ಟಿದ್ದರಿಂದ ಅದು ಇತರ ಹತ್ತಾರು ಬೋರ್ಡುಗಳಿಗೆ ಬೀಜವಾಯಿತು. ಏರೋಸ್‌ನ ಮುಕ್ತ ಸಂಕೇತವನ್ನು ಅದರ ಪ್ರತಿಸ್ಪರ್ಧಿಯಾದ ಮಾರ್ಫ್ ತಂಡವೂ ಬಳಸಿಕೊಂಡಿತು. ಅಮಿಗಾ 1200ರ ಹಳದಿಗಟ್ಟಿದ ಪ್ಲಾಸ್ಟಿಕ್ ಪೆಟ್ಟಿಗೆಗೆ ಬದಲಾಗಿ ಹೊಸ ಅಚ್ಚು ಮಾಡಿಸಲು ಅಭಿಮಾನಿಗಳೇ ಹಣ ಕೂಡಿಸಿದರು.

ಜಗಳದಿಂದ ನಷ್ಟವಾಗಿಲ್ಲವೆಂದಲ್ಲ. ಕೆಲವೇ ಸಾವಿರ ಮಂದಿ ನಾಲ್ಕು ಪಾಳೆಯವಾದಾಗ ಒಂದೇ ಕೆಲಸವನ್ನು ನಾಲ್ಕು ಕಡೆ ಮಾಡಬೇಕಾಯಿತು. ಒಳ್ಳೆಯ ಪ್ರೋಗ್ರಾಂಕಾರರು ಬೇಸತ್ತು ಬಿಟ್ಟುಹೋದರು. ಆದರೆ ಒಂದು ಪಾಳೆಯ ಪೂರ್ತಿ ಗೆದ್ದಿದ್ದರೆ? ಎಲ್ಲರೂ ಪವರ್‌ಪಿಸಿಯನ್ನೇ ನಂಬಿ, ಹಳೆಯ ಯಂತ್ರಗಳನ್ನು ಗುಜರಿಗೆ ಹಾಕಿದ್ದರೆ, ಇಷ್ಟು ಹೊತ್ತಿಗೆ ಆ ಕೊಂಬೆಯೊಡನೆ ಮರವೂ ಒಣಗುತ್ತಿತ್ತು. ಮಡಿವಂತರು ಹಟ ಹಿಡಿದು ಹಳೆಯದನ್ನು ಕಾಪಾಡಿದ್ದರಿಂದಲೇ ಎಫ್‌ಪಿಜಿಎಯವರಿಗೆ ತಮ್ಮ ಪ್ರತಿ ಸರಿಯಾಗಿದೆಯೇ ಎಂದು ಹೋಲಿಸಿ ನೋಡಲು ಮೂಲ ಸಿಕ್ಕಿತು. ಹೊಸದನ್ನು ಬಯಸಿದವರು ಇದ್ದುದರಿಂದಲೇ ಹಳೆಯದರ ಮಿತಿಗಳು ಎಲ್ಲಿವೆ ಎಂದು ತಿಳಿಯಿತು.

ಇಂದು ಮನೆಯ ಟಿವಿಯಲ್ಲಿ, ಕಾರಿನಲ್ಲಿ, ಆಸ್ಪತ್ರೆಯ ಉಪಕರಣದಲ್ಲಿ, ಕೈಯಲ್ಲಿರುವ ಫೋನಿನಲ್ಲಿ ತಂತ್ರಾಂಶ ತುಂಬಿಕೊಂಡಿದೆ. ಅವುಗಳ ತಯಾರಕರಲ್ಲಿ ಎಷ್ಟೋ ಮಂದಿ ಆ ವಸ್ತುಗಳಿಗಿಂತ ಮೊದಲೇ ಕಣ್ಮುಚ್ಚಲಿದ್ದಾರೆ. ಆಗ ಅವುಗಳ ಒಳಗುಟ್ಟನ್ನು ಬಲ್ಲವರು ಇರುತ್ತಾರೆಯೇ, ಬಿಚ್ಚಿ ನೋಡಲು ಕಾನೂನು ಬಿಡುತ್ತದೆಯೇ ಎಂಬ ಪ್ರಶ್ನೆ ಅಮಿಗಾ ಎಂಬ ಹೆಸರನ್ನೇ ಕೇಳದವರನ್ನೂ ಒಂದಲ್ಲ ಒಂದು ದಿನ ಕಾಡಲಿದೆ. ಆ ಪ್ರಶ್ನೆಯನ್ನು ಎಲ್ಲರಿಗಿಂತ ಮೊದಲು ಎದುರಿಸಿ, ಕೂಗಾಡುತ್ತ, ಮುನಿಸಿಕೊಳ್ಳುತ್ತ, ಕೈಯಲ್ಲಿ ಬೆಸುಗೆ ಕಡ್ಡಿ ಹಿಡಿದೇ ಉತ್ತರ ಹುಡುಕುತ್ತಿರುವ ಮಂದಿ ಇವರು.